ಕಷ್ಟ ಬಂದ ಮೇಲೆ ಕೀಲಿಕೈ ಕೊಟ್ಟರೇನು?

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಈ ಪ್ರಶ್ನೆ ಬಾಯಿಪಾಠ: ‘ಮೊಘಲರ ವಿರುದ್ಧ ಅಹಮದ್‌ನಗರದ ಕೋಟೆಯನ್ನು ಕಾಪಾಡಿದ ರಾಣಿ ಯಾರು?’ ಚಾಂದ್‌ಬೀಬಿ ಎಂದು ಗುರುತು ಹಾಕಿ, ಒಂದು ಅಂಕ ಗಳಿಸಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ತಿಕೋಟಾದಿಂದ ದಿನಾ ಬಸ್ಸಿನಲ್ಲಿ ನಗರಕ್ಕೆ ಬರುವ ನಾನೂ ಅದನ್ನೇ ಮಾಡುತ್ತಿದ್ದೆ. ಆಕೆ ನಮ್ಮ ವಿಜಯಪುರದ ಸೊಸೆ, ರಾಜ್ಯ ಆಳುವುದನ್ನು ಕಲಿತದ್ದು ಇಲ್ಲೇ, ಗಂಡನ ಜೊತೆಯಲ್ಲೇ ಎಂಬುದು ತಲೆಗೆ ಹೋದದ್ದು ತಡವಾಗಿ. ಹೋದ ಮೇಲೆ ಆ ಒಂದು ಅಂಕದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆ ಮದುವೆಯಲ್ಲಿ ಪ್ರೀತಿಯ ಮಾತೇನೂ ಇರಲಿಲ್ಲ. ಅದು ಯುದ್ಧದ ಲೆಕ್ಕಾಚಾರ. ವಿಜಯನಗರದ ವಿರುದ್ಧ ದಖ್ಖನಿನ ಸುಲ್ತಾನರು ಒಂದಾಗಬೇಕಿತ್ತು. ಆದರೆ ವಿಜಯಪುರದ ಅಲಿ ಆದಿಲ್‌ಶಾಹ ಮತ್ತು ಅಹಮದ್‌ನಗರದ ಹುಸೇನ್ ನಿಜಾಮ್‌ಶಾಹರ ನಡುವೆ ಹಳೆಯ ಹಗೆ. ಅದನ್ನು ಮುಚ್ಚಲು ಹುಸೇನನ ಮಗಳು ಚಾಂದ್‌ಬೀಬಿಯನ್ನು ಅಲಿಗೆ ಕೊಟ್ಟರು. ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದುಕೊಂಡರು. ಜಗಳದ ಮೂಲವಾಗಿದ್ದ ಸೊಲ್ಲಾಪುರದ ಕೋಟೆ ವಧುವಿನ ಜೊತೆ ಬಳುವಳಿಯಾಗಿ ಬಂತು. ಆಗ ಆಕೆಗೆ ಹೆಚ್ಚೆಂದರೆ 14ರ ಆಸುಪಾಸು. ಮುಂದೆ 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧ ನಡೆದು ವಿಜಯನಗರ ಬಿತ್ತು.

ಇಂಥ ಮದುವೆಗಳಲ್ಲಿ ಯುದ್ಧ ಮುಗಿದರೆ ಹೆಣ್ಣಿನ ಕೆಲಸವೂ ಮುಗಿದಂತೆ. ಉಳಿದ ಆಯುಷ್ಯ ಜನಾನಾದ ಗೋಡೆಯೊಳಗೆ. ಇಲ್ಲಿ ಹಾಗಾಗಲಿಲ್ಲ. ದಂಡಯಾತ್ರೆಯಿರಲಿ, ಬೇಟೆಯಿರಲಿ, ಚಾಂದ್‌ಬೀಬಿ ಗಂಡನ ಪಕ್ಕದಲ್ಲಿ ಕುದುರೆ ಏರಿ ಹೋಗುತ್ತಿದ್ದಳು. ಆಡಳಿತದ ವಿಷಯದಲ್ಲಿ ಆತ ಆಕೆಯ ಸಲಹೆ ಕೇಳುತ್ತಿದ್ದ. ಅರಬ್ಬಿ, ಪರ್ಷಿಯನ್ ಜೊತೆಗೆ ಮರಾಠಿ, ಕನ್ನಡವನ್ನೂ ಆಕೆ ಬಲ್ಲವಳಾಗಿದ್ದಳು ಎನ್ನುತ್ತಾರೆ. ನಗರದಲ್ಲಿ ಇಂದಿಗೂ ಇರುವ ಚಾಂದ್ ಬಾವಡಿಯನ್ನು ಅಲಿ 1579ರಲ್ಲಿ ಕಟ್ಟಿಸಿ, ಹೆಂಡತಿಯ ಹೆಸರಿಟ್ಟ. ಸತ್ತ ಮೇಲೆ ಕಟ್ಟಿಸಿದ ಗೋರಿಯಲ್ಲ ಅದು, ಬದುಕಿರುವಾಗಲೇ ಊರ ಜನ ನೀರು ತುಂಬಿಕೊಂಡು ಹೋದ ಬಾವಿ.

ಮರುವರ್ಷವೇ, 1580ರಲ್ಲಿ, ಅಲಿ ಕೊಲೆಯಾದ. ಮಕ್ಕಳಿರಲಿಲ್ಲ. ಒಂಬತ್ತು ವರ್ಷದ ತಮ್ಮನ ಮಗ ಇಬ್ರಾಹಿಮನನ್ನು ಪಟ್ಟಕ್ಕೆ ಕೂರಿಸಿದರು. ಬಾಲಕನ ಹಿಂದೆ ನಿಂತವಳು ಚಾಂದ್‌ಬೀಬಿ. ಮಂತ್ರಿಗಳು ಒಬ್ಬರ ಹಿಂದೊಬ್ಬರು ಅಧಿಕಾರ ಕಬಳಿಸಲು ನೋಡಿದರು. ಕಾಮಿಲ್ ಖಾನನನ್ನು ಆಕೆ ತೆಗೆಸಿದಳು. ಅವನ ಜಾಗಕ್ಕೆ ಬಂದ ಕಿಶ್ವರ್ ಖಾನ್ ಆಕೆಯನ್ನೇ ಸೆರೆ ಹಿಡಿದು ಸಾತಾರದ ಕೋಟೆಗೆ ಕಳಿಸಿದ. ಸೈನ್ಯ ಅವನ ವಿರುದ್ಧ ತಿರುಗಿಬಿತ್ತು, ಅವನು ಓಡಿಹೋದ, ಚಾಂದ್‌ಬೀಬಿ ಮರಳಿ ಬಂದಳು. ಇದೇ ಗೊಂದಲದಲ್ಲಿ ಅಕ್ಕಪಕ್ಕದ ಸುಲ್ತಾನರ ಸೈನ್ಯಗಳು ವಿಜಯಪುರಕ್ಕೆ ಮುತ್ತಿಗೆ ಹಾಕಿದವು. ನಗರ ಬೀಳಲಿಲ್ಲ.

ನಾವು ಬಾಯಿಪಾಠ ಮಾಡುವ ಅಹಮದ್‌ನಗರದ ಕಥೆ ಇದಾದ ಎಷ್ಟೋ ವರ್ಷಗಳ ನಂತರದ್ದು. ತವರಿಗೆ ಮರಳಿದ್ದ ಆಕೆ 1595ರ ಕೊನೆಯಲ್ಲಿ ಅಕ್ಬರನ ಮಗ ಮುರಾದನ ಸೈನ್ಯವನ್ನು ಎದುರಿಸಿದಳು. ಸುರಂಗ ಸಿಡಿಸಿ ಶತ್ರುಗಳು ಕೋಟೆಗೋಡೆ ಒಡೆದಾಗ ಕತ್ತಿ ಹಿಡಿದು ಆ ಬಿರುಕಿನಲ್ಲೇ ನಿಂತಳು. ಬೆಳಗಾಗುವುದರೊಳಗೆ ಗೋಡೆ ಮತ್ತೆ ಎದ್ದಿತ್ತು. ಕೊನೆಗೆ ಬೀರಾರ್ ಪ್ರಾಂತ್ಯ ಬಿಟ್ಟುಕೊಟ್ಟು ರಾಜಧಾನಿ ಉಳಿಸಿಕೊಂಡಳು.

ಆ ಧೈರ್ಯವನ್ನು ಹುಟ್ಟುಗುಣ ಎಂದುಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸೈನ್ಯ ಹೇಗೆ ನಡೆಯುತ್ತದೆ, ಮಂತ್ರಿಗಳಲ್ಲಿ ನಂಬಿಕಸ್ಥ ಯಾರು, ಯಾವಾಗ ಕಾದಬೇಕು, ಯಾವಾಗ ಕೊಟ್ಟು ಉಳಿಸಿಕೊಳ್ಳಬೇಕು ಎಂಬುದನ್ನು ಆಕೆ ಸುಮಾರು 16 ವರ್ಷ ಗಂಡನ ಪಕ್ಕದಲ್ಲಿದ್ದು ನೋಡಿದ್ದಳು. ಅಲಿ ಹೆಂಡತಿಯನ್ನು ಅರಮನೆಯಲ್ಲೇ ಬಿಟ್ಟು ಹೋಗುತ್ತಿದ್ದರೆ 1580ರಲ್ಲಿ ವಿಜಯಪುರಕ್ಕೆ ಆಸರೆಯಾಗಲು ಯಾರಿರುತ್ತಿದ್ದರು?

ಈ ಕಾಲದ ಒಂದು ಜೋಡಿಯಲ್ಲೂ ಇದೇ ಕಾಣುತ್ತದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ದಾಳಿ ಮಾಡಿದಾಗ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ರಾಜಧಾನಿ ಬಿಡಲಿಲ್ಲ, ಪತ್ನಿ ಒಲೆನಾ ದೇಶ ಬಿಡಲಿಲ್ಲ. ಅದೇ ಜುಲೈನಲ್ಲಿ ಒಲೆನಾ ಅಮೆರಿಕದ ಸಂಸದರ ಎದುರು ನಿಂತು ವಾಯುರಕ್ಷಣಾ ವ್ಯವಸ್ಥೆ ಬೇಕೆಂದು ಕೇಳಿದರು. ಅಧ್ಯಕ್ಷರಾಗುವ ಮೊದಲು ಗಂಡ ಹಾಸ್ಯನಟ, ಹೆಂಡತಿ ಅದೇ ತಂಡದ ಬರಹಗಾರ್ತಿ. ಜೊತೆಯಲ್ಲಿ ಕೆಲಸ ಮಾಡಿದ ರೂಢಿ ಯುದ್ಧದಲ್ಲಿ ಕೈ ಹಿಡಿಯಿತು. ಹತ್ತಿರದ ಹೆಸರೂ ಇದೆ. 2025ರ ಮೇನಲ್ಲಿ ‘ಆಪರೇಷನ್ ಸಿಂಧೂರ’ದ ವಿವರವನ್ನು ದೇಶಕ್ಕೆ ಹೇಳಿದ ಕರ್ನಲ್ ಸೋಫಿಯಾ ಖುರೇಷಿ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಪತಿಯೂ ಸೇನಾಧಿಕಾರಿ.

ರಾಜರು, ಅಧ್ಯಕ್ಷರು, ಕರ್ನಲ್‌ಗಳ ಮಾತು ನಮಗೇಕೆ ಎನ್ನಬಹುದು. ಯುದ್ಧ ಗಡಿಯಲ್ಲಷ್ಟೇ ನಡೆಯುವುದಿಲ್ಲ ಎಂದು ನಾನು ಕಂಡದ್ದು ಬಬಲೇಶ್ವರ ತಾಲ್ಲೂಕಿನ ನನ್ನ ಸೋದರತ್ತೆಯ ಮನೆಯಲ್ಲಿ. ದ್ರಾಕ್ಷಿ ತೋಟದ ಮನೆ ಅದು. 2021ರಲ್ಲಿ ಕೋವಿಡ್‌ನಿಂದ ಮಾಮಾ ಎಂಟು ದಿನದಲ್ಲಿ ಹೋಗಿಬಿಟ್ಟರು. ಚಾಟ್ನಿಯಿಂದ ಹಿಡಿದು ಒಣದ್ರಾಕ್ಷಿ ಆರಿಸುವವರೆಗೆ ಅತ್ತೆ ಮಾಡದ ಕೆಲಸವಿಲ್ಲ. ಆದರೆ ಔಷಧ ಅಂಗಡಿಯ ಉದ್ರಿ ಎಷ್ಟು, ಸೊಸೈಟಿ ಸಾಲದ ಕಂತು ಯಾವಾಗ, ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮಾಲಿನ ರಸೀದಿ ಎಲ್ಲಿ, ಒಂದೂ ಗೊತ್ತಿರಲಿಲ್ಲ. ದಿನಕರ್ಮ ಮುಗಿಯುವ ಮೊದಲೇ ಬಾಕಿ ಕೇಳುವವರು ಕಟ್ಟೆಗೆ ಬಂದು ಕೂತರು. ಯಾರ ಲೆಕ್ಕ ನಿಜ, ಯಾರದ್ದು ಸುಳ್ಳು ಎಂದು ಹೇಳುವವರಿರಲಿಲ್ಲ. ‘ತ್ವಾಟದಾಗಿನ ಗಿಡಾ ಒಂದೊಂದೂ ಗೊತ್ತೈತಿ ಯವ್ವಾ, ಟ್ರಂಕಿನ್ಯಾಗಿನ ಕಾಗದ ಒಂದೂ ಗೊತ್ತಿಲ್ಲ’ ಎಂದು ಅತ್ತೆ ಅತ್ತದ್ದು ಇನ್ನೂ ಕಿವಿಯಲ್ಲಿದೆ. ಮಾಮಾ ಕೆಟ್ಟವರಲ್ಲ. ‘ಅಕಿಗ್ಯಾಕ ಈ ತಲಿಬ್ಯಾನಿ’ ಎಂದು ಪ್ರೀತಿಯಿಂದಲೇ ಎಲ್ಲವನ್ನೂ ಒಬ್ಬರೇ ಹೊತ್ತಿದ್ದರು. ಆ ಪ್ರೀತಿಯೇ ಅತ್ತೆಯನ್ನು ಬರಿಗೈಯಲ್ಲಿ ನಿಲ್ಲಿಸಿತು.

ಚಾಂದ್‌ಬೀಬಿಯ ಕಥೆಗೆ ಇನ್ನೊಂದು ತುದಿಯೂ ಇದೆ. 1600ರಲ್ಲಿ ಮೊಘಲರು ಮತ್ತೆ ಮುತ್ತಿಗೆ ಹಾಕಿದಾಗ, ಹೋರಾಡಿ ಗೆಲ್ಲುವುದು ಆಗದೆಂದು ತಿಳಿದು ಆಕೆ ಸಂಧಿಗೆ ಮುಂದಾದಳು. ‘ರಾಣಿ ಕೋಟೆ ಮಾರಿಕೊಂಡಳು’ ಎಂಬ ಸುದ್ದಿ ಹಬ್ಬಿಸಿದರು. ತನ್ನವರೇ ನುಗ್ಗಿ ಆಕೆಯನ್ನು ಕೊಂದರು. ಕೆಲವೇ ದಿನಗಳಲ್ಲಿ ಕೋಟೆಯೂ ಬಿತ್ತು. ಗಂಡ ನಂಬಿದರೆ ಸಾಲದು, ಸುತ್ತಲಿನವರೂ ನಂಬಬೇಕು. ಅತ್ತೆ ಮೊದಲ ಸಲ ಒಬ್ಬಳೇ ಬ್ಯಾಂಕಿಗೆ ಹೊರಟಾಗ ‘ಮನ್ಯಾಗ ಗಂಡಸರಿಲ್ಲೇನು?’ ಎಂದು ಕೇಳಿದವರು ನಮ್ಮವರೇ. ಇಂದು ಆಕೆ ತೋಟವನ್ನೂ ನಡೆಸುತ್ತಾಳೆ, ಲೆಕ್ಕವನ್ನೂ ಬರೆಯುತ್ತಾಳೆ. ಅಲ್ಲಿಗೆ ಮುಟ್ಟಲು ಎರಡು ವರ್ಷ ಹಿಡಿಯಿತು, ಒಂದು ಎಕರೆ ಹೋಯಿತು.

ನನ್ನ ವಯಸ್ಸಿನ ಗೆಳತಿಯರ ಮನೆಗಳಲ್ಲಿ ಈಗ ಗಂಡು ನೋಡುವ ಕಾಲ. ನೌಕರಿ ಏನು, ಪಗಾರ ಎಷ್ಟು, ಹೊಲ ಎಷ್ಟು ಎಂದು ಹಿರಿಯರು ಕೇಳುತ್ತಾರೆ. ಕೇಳಲಿ, ಅದು ತಪ್ಪಲ್ಲ. ನಾವು ಹುಡುಗಿಯರು ಇನ್ನೊಂದನ್ನು ಸೇರಿಸೋಣ: ಮನೆಯ ಸಾಲ, ಉಳಿತಾಯ, ಉತಾರ, ವಿಮೆ ಇಬ್ಬರಿಗೂ ಗೊತ್ತಿರುತ್ತದೆಯೇ? ಹುಡುಗರು ಕೇಳುವವರೆಗೆ ಕಾಯದೆ ತಾವಾಗಿಯೇ ಹೇಳಲಿ. ಮದುವೆ ದೂರವಿದ್ದವರು ಅಪ್ಪ-ಅವ್ವನಿಂದ ಶುರು ಮಾಡಬಹುದು.

ನಾನು ಹಾಗೇ ಮಾಡಿದೆ. ಹೋದ ತಿಂಗಳು ಒಂದು ಭಾನುವಾರ ಅಪ್ಪನನ್ನು ಕೂರಿಸಿ, ಟ್ರಂಕಿನ ಕಾಗದಗಳನ್ನೆಲ್ಲ ಅವ್ವನ ಮುಂದೆ ಹರವಿದೆ. ‘ನಾ ಇನ್ನೂ ಗಟ್ಟಿ ಅದೀನಿ, ಈಗ್ಯಾಕ ಇದು?’ ಎಂದು ಅಪ್ಪ ಮುಖ ಸಿಂಡರಿಸಿದರು. ಗಟ್ಟಿ ಇದ್ದಾಗಲೇ ಹೇಳಬೇಕು ಅಪ್ಪ, ಅದಕ್ಕೇ ಈಗ ಎಂದೆ. ಎರಡು ತಾಸು ಕೂತೆವು. ಈ ವಾರ ವಿಮೆಯ ಕಂತಿನ ಕೊನೆಯ ದಿನವನ್ನು ಅಪ್ಪನಿಗೆ ನೆನಪಿಸಿದವಳು ಅವ್ವ.