ಕೊಕ್ಕರೆಯ ಗೂಡೂ ಕೊಳಾಯಿಯ ನೀರೂ

ಪರೀಕ್ಷೆ ಮುಗಿಯುವ ಹೊತ್ತಿಗೆ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಜೆಯ ಪ್ರವಾಸಕ್ಕೆಂದು ಟೋಪಿ, ಬೂಟು, ಕಣ್ಣು ಕೋರೈಸುವ ಬಣ್ಣದ ಅಂಗಿ ಎಲ್ಲವೂ ಚೀಲ ಸೇರುತ್ತವೆ. ಹೋಗುವುದು ಪಕ್ಷಿಧಾಮಕ್ಕಾದರೆ ಆ ಅಂಗಿಯನ್ನು ಮನೆಯಲ್ಲೇ ಬಿಡುವುದು ಲೇಸು. ಹಕ್ಕಿಗಳು ಬಣ್ಣಗಳನ್ನು ಬಹಳ ಚೆನ್ನಾಗಿ ಗುರುತಿಸುತ್ತವೆ. ಮಾಸಲು ಹಸಿರು ಅಥವಾ ಮಣ್ಣಿನ ಬಣ್ಣದ ಹಳೆಯ ಬಟ್ಟೆ, ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್, ಸಾಧ್ಯವಾದರೆ ಒಂದು ದುರ್ಬೀನು, ಇಷ್ಟು ಸಾಕು.

ಬೆಂಗಳೂರಿನವರು ಒಂದೇ ದಿನದಲ್ಲಿ ಹೋಗಿ ಬರಬಹುದಾದ ಪುಟ್ಟ ಧಾಮವೆಂದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಇದರ ವಿಸ್ತೀರ್ಣ ಕೇವಲ 0.67 ಚದರ ಕಿಲೋಮೀಟರ್. ಆದರೂ ಹೆಸರು ದೊಡ್ಡದು. 2022ರಲ್ಲಿ ಇದು ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಈ ಪಟ್ಟಿಗೆ ಸೇರಿದ ಮೊದಲ ತಾಣ ಇದೇ.

ವಿಶೇಷವೆಂದರೆ ಈ ತಿಟ್ಟುಗಳು ಪ್ರಕೃತಿಯೊಂದರದೇ ಸೃಷ್ಟಿಯಲ್ಲ. 1640ರ ದಶಕದಲ್ಲಿ ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದರು. ಅವರ ಗಮನವಿದ್ದದ್ದು ಗದ್ದೆಗಳ ಮೇಲೆ. ಆದರೆ ನೀರು ನಿಂತು ಮೇಲೇರಿದಾಗ ನದಿಯ ನಡುವಿನ ಎತ್ತರದ ಜಾಗಗಳು ನಡುಗಡ್ಡೆಗಳಾಗಿ ಉಳಿದವು. ಸುತ್ತಲೂ ನೀರು, ನಡುವೆ ಮರ. ನಾಯಿ, ನರಿಗಳು ಸುಲಭವಾಗಿ ದಾಟಿ ಬರಲಾರವು. ಮರಿ ಮಾಡಲು ಹಕ್ಕಿಗೆ ಇನ್ನೇನು ಬೇಕು? ಮುಂದೆ ಪಕ್ಷಿತಜ್ಞ ಸಲೀಂ ಅಲಿ ಈ ಜಾಗವನ್ನು ಕಂಡು, ಕಾಪಾಡಬೇಕೆಂದು ಮೈಸೂರಿನ ಮಹಾರಾಜರಿಗೆ ಸಲಹೆ ಮಾಡಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು.

ದೋಣಿಯಲ್ಲಿ ಕುಳಿತಾಗ ಮಕ್ಕಳು ಮೊದಲು ಹುಡುಕುವುದು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು. ಹುಡುಕಲಿ, ತಪ್ಪಿಲ್ಲ. ಆಮೇಲೆ ಕೊಕ್ಕುಗಳನ್ನು ಗಮನಿಸಲಿ. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ನಿಧಾನವಾಗಿ ನಡೆಯುತ್ತದೆ. ಕಲಕಿದ ನೀರಿನಲ್ಲಿ ಮೀನು ಕಣ್ಣಿಗೆ ಕಾಣಬೇಕಾಗಿಲ್ಲ. ತಾಗಿದರೆ ಸಾಕು, ಕೊಕ್ಕು ಫಕ್ಕನೆ ಮುಚ್ಚುತ್ತದೆ. ಚಮಚದ ಕೊಕ್ಕಿನ ಹಕ್ಕಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ನೀರನ್ನು ಜಾಲಿಸುತ್ತದೆ. ಬಾಯ್ಕಳಕ ಕೊಕ್ಕರೆಯ ಎರಡು ಕೊಕ್ಕುಗಳ ನಡುವೆ ಸಂದಿಯಿರುತ್ತದೆ. ಇದರ ಮುಖ್ಯ ಆಹಾರ ಬಸವನಹುಳು. ಬಿಳಿ ಕೆಂಬರಲಿನ ಬಾಗಿದ ಕೊಕ್ಕು ಕೆಸರನ್ನು ಕೆದಕಲು ಹೇಳಿಮಾಡಿಸಿದ್ದು. ಒಂದೇ ನದಿ, ಆದರೆ ಒಬ್ಬೊಬ್ಬರ ಊಟದ ಎಲೆ ಬೇರೆ ಬೇರೆ. ಹಾಗಾಗಿಯೇ ಅಷ್ಟು ಕಡಿಮೆ ಜಾಗದಲ್ಲಿ ಇಷ್ಟೊಂದು ಬಗೆಯ ಹಕ್ಕಿಗಳು ಜತೆಯಾಗಿ ಬಾಳಬಲ್ಲವು. ಪಠ್ಯಪುಸ್ತಕದ 'ಹೊಂದಾಣಿಕೆ' ಎಂಬ ಪಾಠ ಇಲ್ಲಿ ರೆಕ್ಕೆ ಬಿಚ್ಚಿ ನಿಂತಿರುತ್ತದೆ.

ಇವೆಲ್ಲ ಮರದ ಮೇಲೆ ಗೂಡು ಕಟ್ಟುವ ಹಕ್ಕಿಗಳು. ನದಿ ರೀವದ ಕಥೆ ಬೇರೆ. ಹಳದಿ ಕೊಕ್ಕು, ಕಪ್ಪು ಟೊಪ್ಪಿಗೆಯ ಈ ಚೆಂದದ ಹಕ್ಕಿ ಗೂಡನ್ನೇ ಕಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ಬರಿದಾದ ಬಂಡೆ ಅಥವಾ ಮರಳಿನ ಮೇಲೆ ನೇರವಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣ ನೆಲದ ಬಣ್ಣಕ್ಕೆ ಹೊಂದುವುದರಿಂದ ಕಳ್ಳರ ಕಣ್ಣಿಗೆ ಬೀಳದು. ಆದರೆ ನೀರಿಗೆ ಕಣ್ಣಿಲ್ಲವಲ್ಲ! ಮೇಲಿನ ಕೃಷ್ಣರಾಜಸಾಗರದಿಂದ ಒಮ್ಮೆಲೇ ಹೆಚ್ಚು ನೀರು ಹರಿದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ನೀರು ತೀರ ಇಳಿದರೆ ಇನ್ನೊಂದು ಅಪಾಯ. ಬಂಡೆಗಳು ದಡಕ್ಕೆ ಕೂಡಿಕೊಂಡು ನಾಯಿಗಳಿಗೆ ದಾರಿಯಾಗುತ್ತದೆ. 2018 ಮತ್ತು 2019ರ ಮಳೆಗಾಲದ ಪ್ರವಾಹದಲ್ಲಿ ನಡುಗಡ್ಡೆಗಳೇ ಮುಳುಗಿದವು. ಕೊರೆದುಹೋದ ತಿಟ್ಟುಗಳಿಗೆ ಮರಳಿನ ಮೂಟೆಗಳನ್ನು ಒಡ್ಡಿ ಅರಣ್ಯ ಇಲಾಖೆ ಕಾಪಾಡಬೇಕಾಯಿತು.

ಇದಕ್ಕೂ ಕಮರ್ಷಿಯಲ್ ಸ್ಟ್ರೀಟಿಗೂ ಏನು ನಂಟು? ಕೃಷ್ಣರಾಜಸಾಗರದಿಂದ ಹೊಳೆಗೆ ಬಿಟ್ಟ ನೀರು ರಂಗನತಿಟ್ಟನ್ನು ಹಾದು ಕೆಳಗೆ ಹರಿಯುತ್ತದೆ. ಅದರಲ್ಲಿ ಒಂದು ಪಾಲನ್ನು ಶಿವನಸಮುದ್ರದ ಹತ್ತಿರ ತಿರುಗಿಸಿ, ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಪಂಪು ಮಾಡುತ್ತಾರೆ. ಈ ಯೋಜನೆಯ ಮೊದಲ ಹಂತ ಮುಗಿದದ್ದು 1974ರಲ್ಲಿ. 2024ರಲ್ಲಿ ಬಂದ ಐದನೆಯ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವಂಥದ್ದು. ನಗರದ ಕೊಳಾಯಿಗೆ ಬರುವ ಕಾವೇರಿ, ರೀವದ ಬಂಡೆಯನ್ನು ಸವರಿಕೊಂಡೇ ಬಂದವಳು. ರೈತನಿಗೂ ನೀರು ಬೇಕು, ನಗರಕ್ಕೂ ಬೇಕು. ಹಕ್ಕಿ ಕೇಳುವುದು ನೀರಿನ ಪಾಲನ್ನಲ್ಲ. ಮೊಟ್ಟೆಯೊಡೆದು ಮರಿ ರೆಕ್ಕೆ ಬಲಿಯುವ ಕೆಲವು ವಾರ ಮಟ್ಟ ಹಠಾತ್ತನೆ ಏರಿಳಿಯದಿದ್ದರೆ ಅದಕ್ಕೆ ಸಾಕು. ನಗರದ ಬಾಯಾರಿಕೆ ಬೆಳೆದಷ್ಟೂ ಇಂಥ ಎಚ್ಚರಕ್ಕೆ ಎಡೆ ಕಡಿಮೆಯಾಗುತ್ತ ಹೋಗುತ್ತದೆ. ಒಂದು ನಲ್ಲಿ ಮುಚ್ಚಿದ ಮಾತ್ರಕ್ಕೆ ಒಂದು ಮೊಟ್ಟೆ ಉಳಿಯದು ನಿಜ. ಆದರೆ ಲೆಕ್ಕ ತಿಳಿದ ಮಕ್ಕಳೇ ನಾಳೆ ಎಂಜಿನಿಯರುಗಳಾಗುವವರು, ಅಣೆಕಟ್ಟಿನ ಗೇಟು ತೆರೆಯುವವರು.

ಹೊರಡುವ ಮುನ್ನ ಎರಡು ಅಭ್ಯಾಸಗಳನ್ನು ಮಾಡಬಹುದು. ಮೊದಲನೆಯದಕ್ಕೆ ಕಮರ್ಷಿಯಲ್ ಸ್ಟ್ರೀಟ್‌ನಿಂದ ನಡೆದೇ ಹೋಗಬಹುದಾದ ಹಲಸೂರು ಕೆರೆ ಒಳ್ಳೆಯ ಜಾಗ. ಬೆಳಿಗ್ಗೆ ಅರ್ಧ ಗಂಟೆ ಸುಮ್ಮನೆ ಕುಳಿತು, ಕಂಡ ಹಕ್ಕಿಯ ಕೊಕ್ಕು, ಕಾಲು, ಅದು ಮಾಡುತ್ತಿದ್ದ ಕೆಲಸವನ್ನು ಬರೆದುಕೊಳ್ಳಿ. ನೀರುಕಾಗೆ ರೆಕ್ಕೆಗಳನ್ನು ಹರಡಿ ಒಣಗಿಸುತ್ತಿದ್ದರೆ ಕಾರಣವೇನೆಂದು ಯೋಚಿಸಿ. ಇದೇ ಕೆರೆಯಲ್ಲಿ 2016ರ ಮಾರ್ಚಿಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದವು. ಚರಂಡಿ ನೀರು ಸೇರಿದ ಕೆರೆಯಲ್ಲಿ ಆಮ್ಲಜನಕ ಏಕೆ ಕಡಿಮೆಯಾಗುತ್ತದೆಂದು ಶಾಲೆಯಲ್ಲಿ ಕೇಳಿ ತಿಳಿಯಿರಿ.

ಎರಡನೆಯದು ಮನೆಯಲ್ಲಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಪಾತ್ರೆಯಿಟ್ಟು, ಬಿದ್ದ ನೀರನ್ನು ಅಳೆದು 24ರಿಂದ ಗುಣಿಸಿ. ಬಂದ ಉತ್ತರವನ್ನು ಅಪ್ಪ ಅಮ್ಮನಿಗೆ ತೋರಿಸಿ.

ಡಿಸೆಂಬರ್‌ನಿಂದ ಜೂನ್‌ವರೆಗೆ ರಂಗನತಿಟ್ಟಿನಲ್ಲಿ ಗೂಡುಗಳ ಗದ್ದಲ. ದೋಣಿಯಲ್ಲಿ ಚಪ್ಪಾಳೆ, ಕೂಗಾಟ ಬೇಡ. ತಾಯಿ ಹಕ್ಕಿ ಬೆದರಿ ಎದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆಗಳಿಗೂ ಒಡ್ಡಿಕೊಳ್ಳುತ್ತವೆ. ಬಾಣಂತಿಯ ಮನೆಗೆ ಹೋದವರು ದನಿ ತಗ್ಗಿಸಿ ಮಾತಾಡುವಂತೆ ಇಲ್ಲಿಯೂ ಮಾತಾಡಿದರೆ ಆಯಿತು.