ವಿಹಾರವೆಂಬುದು ಅಪರಾಧವೇ?

‘ವಿಹಾರ’ ಎಂಬ ಶಬ್ದಕ್ಕೆ ನಮ್ಮ ಸೀಮೆಯಲ್ಲಿ ಎರಡು ಅರ್ಥಗಳುಂಟು. ಭೀಮಾ ತೀರದ ಸನ್ನತಿಯನ್ನೂ ಅದರ ಹತ್ತಿರದ ಕನಗನಹಳ್ಳಿಯ ಸ್ತೂಪವನ್ನೂ ನೋಡಿ ಬಂದವರಿಗೆ ವಿಹಾರವೆಂದರೆ ಬೌದ್ಧ ಭಿಕ್ಷುಗಳ ವಾಸಸ್ಥಾನ. ಉಳಿದವರಿಗೆ ಅದು ಕೆಲಸವಿಲ್ಲದವರ ತಿರುಗಾಟ. ಮೊದಲನೆಯದಕ್ಕೆ ಕೈ ಮುಗಿಯುತ್ತೇವೆ. ಎರಡನೆಯದಕ್ಕೆ ಮೂಗು ಮುರಿಯುತ್ತೇವೆ. ಅದರಲ್ಲಿಯೂ ಗಂಡ ಹೆಂಡತಿ ಇಬ್ಬರೇ, ಮನೆಯ ಹಿರಿಯರನ್ನಾಗಲಿ ಮಕ್ಕಳನ್ನಾಗಲಿ ಸಂಗಡ ಕರೆದುಕೊಳ್ಳದೆ, ಎರಡು ದಿನ ಎಲ್ಲಿಗಾದರೂ ಹೋಗಿ ಬಂದರೆಂದರೆ ಅದು ಊರಿನ ಕಟ್ಟೆಯ ಮೇಲೆ ಒಂದು ವಾರದ ಮಾತಾಗುತ್ತದೆ. ಈ ಮೂಗು ಮುರಿಯುವಿಕೆ ನ್ಯಾಯವೇ ಎಂಬುದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದೆ ವಿಚಾರಕ್ಕಿಡುವುದು ಈ ಲೇಖನದ ಉದ್ದೇಶ.

ಇದು ಪುಸ್ತಕದಲ್ಲಿ ಓದಿ ಎತ್ತಿದ ಪ್ರಶ್ನೆಯಲ್ಲ. ನನ್ನ ಕಾಕಾನ ಮಗ ಒಂದು ಸಿಮೆಂಟು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಾನೆ. ವೈನಿ ಎಂಟು ಮಂದಿಯ ಮನೆವಾರ್ತೆಯನ್ನು ನೋಡಿಕೊಂಡು, ಬಿಡುವಿನಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾಳೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಹೋದ ವರ್ಷ ಇಬ್ಬರೂ ಕೂಡಿಟ್ಟ ಹಣದಲ್ಲಿ ಒಂದು ಶುಕ್ರವಾರ ರಾತ್ರಿ ವಾಡಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದರು. ಅಲ್ಲಿಂದ ಮೈಸೂರು ರಸ್ತೆಯ ಬಿಡದಿಯ ಬಳಿಯಿರುವ ವಂಡರ್‌ಲಾ ಉದ್ಯಾನಕ್ಕೆ ಹೋಗಿ, ಶನಿವಾರ ರಾತ್ರಿ ಅದರ ರೆಸಾರ್ಟಿನಲ್ಲಿಯೇ ತಂಗಿ, ರವಿವಾರ ರಾತ್ರಿಯ ರೈಲಿಗೆ ಹೊರಟು, ಸೋಮವಾರ ಎರಡನೆಯ ಪಾಳಿಗೆ ಅಣ್ಣ ಕೆಲಸಕ್ಕೆ ಹಾಜರಾದನು. ನಡೆದದ್ದು ಇಷ್ಟೆ.

ಊರಿನವರು ಆಡಿದ್ದು ಮಾತ್ರ ಇಷ್ಟೇ ಅಲ್ಲ. “ಅಷ್ಟ ರೊಕ್ಕದಾಗ ಮನಿಮಂದೀನೆಲ್ಲ ತುಳಜಾಪುರಕ್ಕ ಕರ್ಕೊಂಡು ಹೋಗಿದ್ರ ಪುಣ್ಯಾನಾರ ಬರ್ತಿತ್ತು” ಎಂದರು ಒಬ್ಬ ಹಿರಿಯರು. “ನೀರಾಗ ಜಾರಾಕ ಬೆಂಗಳೂರಿಗಿ ಹೋಗಬೇಕೇನು, ನಮ್ಮ ಭೀಮಾ ಬತ್ತ್ಯಾಳೇನು?” ಎಂದಳು ಇನ್ನೊಬ್ಬ ಅಜ್ಜಿ. ಬಯ್ಗಳ ಬಹುಭಾಗ ವೈನಿಯ ಪಾಲಿಗೆ ಬಂದಿತೆಂಬುದನ್ನು ಹೇಳಬೇಕಾದುದೇ ಇಲ್ಲ. ಗಂಡನನ್ನು ಕುಣಿಸಿದವಳು ಅವಳೆಂದು ಎಲ್ಲರೂ ತಾವಾಗಿಯೇ ತೀರ್ಮಾನಿಸಿದರು.

ಈ ರೆಸಾರ್ಟುಗಳ ಸ್ವರೂಪವೇನೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈಯಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಅದೇ ವರ್ಷದ ಅಕ್ಟೋಬರದಲ್ಲಿ ಅದರ ಪಕ್ಕದಲ್ಲಿಯೇ ಒಂದು ಹೋಟೆಲೂ ತೆರೆಯಿತು. ಹಗಲು ಆಡಿದವರಿಗೆ ರಾತ್ರಿ ಮಲಗಲು ಅಲ್ಲಿಯೇ ಕೋಣೆ ಸಿಕ್ಕರೆ, ಒಂದು ದಿನದ ಅತಿಥಿ ಎರಡು ದಿನದ ಅತಿಥಿಯಾಗುತ್ತಾನೆ ಎಂಬ ಲೆಕ್ಕ ಇದರಲ್ಲಿದೆ. ನಮ್ಮ ರಾಜ್ಯದಲ್ಲಿಯೂ ಹಾಗೆಯೇ ಆಯಿತು. ಬಿಡದಿಯ ಉದ್ಯಾನ 2005ರಲ್ಲಿ ಆರಂಭವಾಯಿತು; ರೆಸಾರ್ಟು 2012ರಲ್ಲಿ ಬಂದಿತು. ನಮಗೆ ಇನ್ನೂ ಸಮೀಪದ ಹೈದರಾಬಾದಿನ ಹೊರಗೆ 1996ರಲ್ಲಿ ಸ್ಥಾಪನೆಯಾದ ರಾಮೋಜಿ ಫಿಲ್ಮ್ ಸಿಟಿಯ ಒಳಗೂ ತಂಗಲು ಹೋಟೆಲುಗಳಿವೆ. ಸೇಡಂ, ಚಿತ್ತಾಪುರದ ಮಂದಿ ಅಲ್ಲಿಗೆ ಹೋಗಿ ಬರುವುದು ಈಗ ಹೊಸ ಸುದ್ದಿಯಲ್ಲ. ಇವೆಲ್ಲ ವ್ಯಾಪಾರಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಳ್ಳುವವನಿಗೆ ಯಾವುದೋ ಒಂದು ನಿಜವಾದ ಹಸಿವು ಇಲ್ಲದೆ ಯಾವ ವ್ಯಾಪಾರವೂ ಬಹುಕಾಲ ನಡೆಯುವುದಿಲ್ಲ. ಆ ಹಸಿವು ಯಾವುದು?

ವೈನಿಯನ್ನು ನಾನು ಕೇಳಿದೆ. ಜಾತ್ರೆಯ ತೊಟ್ಟಿಲಿಗಿಂತ ಹತ್ತು ಪಾಲು ಎತ್ತರದ ಆಟಗಳನ್ನೂ, ಅಲೆ ಏಳುವ ಕೊಳವನ್ನೂ ಬಣ್ಣಿಸುವಳೆಂದು ಕಾದಿದ್ದೆ. ಅವಳು ಹೇಳಿದ್ದು ಬೇರೆ. “ಮುಂಜಾನಿ ಚಾ ಇಡಬೇಕಂತ ದಡಕ್ಕನ ಎದ್ದೆ. ಇಡೋ ಕೆಲಸಾನೇ ಇದ್ದಿಲ್ಲ. ಮತ್ತ ಮಕ್ಕೊಂಡೆ.” ನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವಳು ಗಂಡನ ಎದುರಿಗೆ ಕುಳಿತು, ತಾನು ಬೇಯಿಸದ, ತಾನು ಬಡಿಸದ ಊಟವನ್ನು ಉಂಡಿದ್ದಳು. ಇಬ್ಬರೂ ಏನು ಮಾತನಾಡಿದಿರಿ ಎಂದು ಕೇಳಲು ನನಗೆ ಸಂಕೋಚವಾಯಿತು. ಅವಳೇ ನಕ್ಕು, “ನಿಮ್ಮಣ್ಣ ಇಷ್ಟ್ ಮಾತಾಡ್ತಾನಂತ ನನಗ ಗೊತ್ತೇ ಇದ್ದಿಲ್ಲ” ಎಂದಳು.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಅಶೋಕನು ತನ್ನ ಎಂಟನೆಯ ಬಂಡೆಶಾಸನದಲ್ಲಿ, ಹಿಂದಿನ ಅರಸರು ಬೇಟೆ ಮೊದಲಾದ ವಿನೋದಗಳಿಗಾಗಿ ವಿಹಾರಯಾತ್ರೆಗೆ ಹೊರಡುತ್ತಿದ್ದರೆಂದೂ, ತಾನು ಬೋಧಿವೃಕ್ಷದ ಸ್ಥಳಕ್ಕೆ ಹೋದಂದಿನಿಂದ ಅದರ ಬದಲು ಧರ್ಮಯಾತ್ರೆಯನ್ನು ಆರಂಭಿಸಿದನೆಂದೂ ತಿಳಿಸುತ್ತಾನೆ. ಹಾಗಾದರೆ ಅಶೋಕನ ಶಾಸನವನ್ನು ಎದೆಯಲ್ಲಿಟ್ಟುಕೊಂಡ ಸನ್ನತಿಯ ನೆರೆಯವರು ವಿಹಾರಯಾತ್ರೆಯ ಪರವಾಗಿ ವಾದಿಸಬಹುದೆ?

ವಾದಿಸಬಹುದೆಂದೇ ನನ್ನ ನಂಬಿಕೆ. ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯಲ್ಲಿ ದೇವಿಯ ಮೂರ್ತಿಗೆ ಪೀಠವಾಗಿದ್ದ ಶಿಲೆಯ ಮೇಲೆ ದೊರೆತದ್ದು 12 ಮತ್ತು 14ನೆಯ ಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ಎಂಟನೆಯದು ಅದರ ಮೇಲಿಲ್ಲ. ಆದರೆ ನನ್ನ ವಾದ ಅದರ ಮೇಲೆ ನಿಂತಿಲ್ಲ. ಅಶೋಕನು ಬಿಟ್ಟದ್ದು ಅರಸನ ಬೇಟೆಯನ್ನು. ದುಡಿಯುವವನ ದಣಿವಾರಿಕೆಯನ್ನು ಅವನೆಲ್ಲಿಯೂ ನಿಷೇಧಿಸಲಿಲ್ಲ. ಅದಕ್ಕೆ ಬದಲಾಗಿ ತನ್ನ ಏಳನೆಯ ಸ್ತಂಭಶಾಸನದಲ್ಲಿ, ಹಾದಿಬದಿಯಲ್ಲಿ ನೆರಳಿಗಾಗಿ ಆಲದ ಮರಗಳನ್ನು ನೆಡಿಸಿದುದನ್ನು, ಮಾವಿನ ತೋಪುಗಳನ್ನು ಬೆಳೆಸಿದುದನ್ನು, ಬಾವಿಗಳನ್ನೂ ತಂಗುಮನೆಗಳನ್ನೂ ಮಾಡಿಸಿದುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಸನ್ನತಿಯಲ್ಲಿ ದೊರೆತ ಪ್ರತ್ಯೇಕ ಶಾಸನಗಳಾದರೋ ಎಲ್ಲ ಮನುಷ್ಯರನ್ನೂ ತನ್ನ ಮಕ್ಕಳೆಂದು ಬಗೆದ ಅರಸನ ಮಾತುಗಳಿಗಾಗಿಯೇ ಪ್ರಸಿದ್ಧವಾದವು. ಇನ್ನು ಕನಗನಹಳ್ಳಿಯ ಶಿಲಾಫಲಕದಲ್ಲಿ ‘ರಾಯೊ ಅಸೋಕೊ’ ಎಂಬ ಬ್ರಾಹ್ಮಿ ಬರಹದೊಡನೆ ನಿಂತಿರುವ ಅರಸನನ್ನು ನೋಡಿರಿ. ಅವನು ಒಬ್ಬನೇ ಇಲ್ಲ, ಪಕ್ಕದಲ್ಲಿ ರಾಣಿಯಿದ್ದಾಳೆ. ಎರಡು ಸಾವಿರ ವರ್ಷಗಳ ಹಿಂದಿನ ನಮ್ಮ ನೆಲದ ಶಿಲ್ಪಿಗೆ, ಗಂಡ ಹೆಂಡತಿ ಒಟ್ಟಿಗೆ ನಿಂತುದರಲ್ಲಿ ನಾಚಬೇಕಾದುದೇನೂ ಕಾಣಲಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ವಾರದ ರಜೆ ಎಂಬುದು ಆಕಾಶದಿಂದ ಉದುರಿದುದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 1890ರಲ್ಲಿ ರವಿವಾರದ ರಜೆ ದೊರೆಯಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿಯನ್ನೂ ಒಂದು ದಿನದ ರಜೆಯನ್ನೂ ವಿಧಿಸಿತು. ಶಹಾಬಾದಿನ ಫರ್ಸಿ ಕಲ್ಲಿನ ಗಣಿಯಲ್ಲಿ ಕೈಯ ಚರ್ಮ ಸವೆಸಿದ ನನ್ನ ತಂದೆಗೂ ವಾರಕ್ಕೊಂದು ದಿನ ಮೈ ಚಾಚಲು ಸಿಗುತ್ತದೆ. ಆದರೆ ಅದೇ ದಿನ ನನ್ನ ಅವ್ವನಿಗೆ ಕೆಲಸ ಹೆಚ್ಚು. ಅಂದು ಎಲ್ಲರೂ ಮನೆಯಲ್ಲಿರುತ್ತಾರೆ, ಬಂಧುಗಳು ಬರುತ್ತಾರೆ, ವಾರದ ಬಟ್ಟೆ ಅಂದೇ ಒಗೆಯಬೇಕು, ರೊಟ್ಟಿಯ ಲೆಕ್ಕ ಹತ್ತು ಏರುತ್ತದೆ. ಲೋಖಂಡೆಯವರು ತಂದ ರಜೆ ಗಿರಣಿಯ ಬಾಗಿಲಿನವರೆಗೆ ಬಂದಿತು. ಅಡುಗೆಮನೆಯ ಹೊಸ್ತಿಲನ್ನು ಇನ್ನೂ ದಾಟಿಲ್ಲ.

ಇದು ನನ್ನೊಬ್ಬಳ ಮನೆಯ ಮಾತಲ್ಲ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದರಲ್ಲಿ ಕಳೆಯುತ್ತಾರೆ. ಅಂಥ ಕೆಲಸ ಮಾಡುವ ಗಂಡಸರು ಕಳೆಯುವುದು 88 ನಿಮಿಷ. ದಿನಕ್ಕೆ ಐದು ಗಂಟೆಗೆ ಹತ್ತಿರವಾದ ಈ ದುಡಿಮೆಗೆ ರವಿವಾರವೂ ಇಲ್ಲ, ಪಾಳಿಯೂ ಇಲ್ಲ.

ತುಳಜಾಪುರಕ್ಕೆ ಹೋಗಬಹುದಿತ್ತೆಂಬ ಮಾತಿಗೂ ಉತ್ತರ ಇಲ್ಲಿಯೇ ಇದೆ. ಯಾತ್ರೆಯನ್ನು ನಾನು ಹಗುರಾಗಿ ಕಾಣುವವಳಲ್ಲ; ಚಂದ್ರಲಾಂಬೆಯ ಸನ್ನಿಧಿಯಲ್ಲಿ ನನ್ನ ಮನಸ್ಸಿಗೂ ಶಾಂತಿ ದೊರೆತಿದೆ. ಆದರೆ ಮನೆಮಂದಿಯೆಲ್ಲ ಯಾತ್ರೆಗೆ ಹೊರಟರೆ ಹಿಂದಿನ ರಾತ್ರಿ ನಿದ್ದೆಗೆಟ್ಟು ರೊಟ್ಟಿ, ಶೇಂಗಾ ಹಿಂಡಿ ಕಟ್ಟುವವರು ಯಾರು? ಹೋದಲ್ಲಿ ಎಲ್ಲರಿಗಿಂತ ಮೊದಲು ಎದ್ದು ನೀರು ಹಿಡಿಯುವವರು, ಅತ್ತೆಮಾವಂದಿರ ಬಟ್ಟೆ ಹಿಂಡುವವರು ಯಾರು? ಅಡುಗೆಮನೆಯೇ ಅವಳ ಹಿಂದೆ ಪ್ರಯಾಣ ಮಾಡುತ್ತದೆ. ಪುಣ್ಯ ಎಲ್ಲರಿಗೂ ಸಮನಾಗಿ ಬರಬಹುದು; ವಿಶ್ರಾಂತಿ ಹಾಗೆ ಬರುವುದಿಲ್ಲ. ರೆಸಾರ್ಟಿನ ನೀರಾಟ, ಬಣ್ಣದ ದೀಪಗಳು ಇರಲಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಇನ್ನೊಬ್ಬರು ಮಾಡಿದ ಅಡುಗೆ, ಯಾರೂ ಕರೆಯದ ಒಂದು ಮುಂಜಾವು, ವೈನಿಯಂಥವರು ಹಣ ಕೊಟ್ಟು ಕೊಳ್ಳುವುದು ಇವನ್ನು. ಎರಡು ಕೋಣೆಗಳಲ್ಲಿ ಎಂಟು ಮಂದಿ ಬಾಳುವ ಮನೆಗಳಲ್ಲಿ ಇವು ಯಾವ ಬೆಲೆಗೂ ಸಿಗುವುದಿಲ್ಲ.

ಹಾಗೆಂದು ನಾನು ರೆಸಾರ್ಟುಗಳ ವಕೀಲಿಕೆ ವಹಿಸಿಲ್ಲ. ಅಣ್ಣ-ವೈನಿಯರಿಗೆ ಎಲ್ಲ ಖರ್ಚೂ ಸೇರಿ ಹದಿನೈದು ದಿನಗಳ ದುಡಿಮೆ ಹೋಯಿತು. ವರ್ಷವಿಡೀ ಕೂಡಿಟ್ಟದ್ದರಿಂದ ನಿಭಾಯಿತು. ಇದನ್ನೇ ಕಂತಿನ ಸಾಲದ ಮೇಲೆ ಮಾಡುವವರನ್ನೂ, ಮೊಬೈಲಿನ ಚಿತ್ರಗಳಲ್ಲಿ ನೆರೆಯವರಿಗೆ ತೋರಿಸಲೆಂದೇ ಹೋಗುವವರನ್ನೂ ನಾನು ಕಂಡಿದ್ದೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅಂಥವರಿಗೆ ಸಲ್ಲುತ್ತದೆ. ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಸಾಲುಗಳನ್ನು ನೋಡಿ ಬೆಳೆದ ನಮಗೆ ಆಟಕ್ಕಾಗಿ ಹರಿಯುವ ನೀರನ್ನು ಕಂಡು ಮನಸ್ಸು ಚುಚ್ಚಿದರೆ ಅದು ಸಹಜವೇ. ಆದರೆ ಈ ದೋಷಗಳಿಂದ ಸಿದ್ಧವಾಗುವುದು ಇಷ್ಟೆ: ವಿಶ್ರಾಂತಿಯ ಬೆಲೆ ಹೆಚ್ಚು, ಸ್ಥಳ ದೂರ. ವಿಶ್ರಾಂತಿಯೇ ತಪ್ಪೆಂದು ಸಿದ್ಧವಾಗುವುದಿಲ್ಲ.

ಬೆಲೆಯನ್ನು ಇಳಿಸುವುದು ಅಸಾಧ್ಯವೇನೂ ಅಲ್ಲ. 1936ರಲ್ಲಿ ಇಂಗ್ಲೆಂಡಿನ ಸ್ಕೆಗ್ನೆಸ್ ಎಂಬ ಕಡಲೂರಿನಲ್ಲಿ ಬಿಲ್ಲಿ ಬಟ್ಲಿನ್ ಎಂಬವರು ರಜಾಶಿಬಿರವೊಂದನ್ನು ತೆರೆದರು. ಒಂದು ವಾರದ ಕೂಲಿಗೆ ಒಂದು ವಾರದ ವಾಸ, ಊಟ, ವಿನೋದ ಎಂಬುದು ಅವರು ಮುಂದಿಟ್ಟ ಮಾತು. ಅದೇ ವರ್ಷ ಫ್ರಾನ್ಸಿನ ಸರಕಾರ ಕಾರ್ಮಿಕರಿಗೆ ಸಂಬಳಸಹಿತ ಎರಡು ವಾರಗಳ ರಜೆಯನ್ನು ಕಾಯಿದೆಯಿಂದ ಕೊಟ್ಟು, ರೈಲಿನ ದರದಲ್ಲಿಯೂ ರಿಯಾಯಿತಿ ಮಾಡಿತು. ದುಡಿಯುವವರು ಸಂಸಾರಸಮೇತ ಕಡಲನ್ನು ಕಾಣುವಂತಾಗಬೇಕೆಂಬುದನ್ನು ಒಂದು ಸರಕಾರ ತನ್ನ ಕರ್ತವ್ಯವೆಂದು ಭಾವಿಸಿತು. ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1932ರ ಹೊತ್ತಿಗೆ, ಕೃಷ್ಣರಾಜಸಾಗರದ ಕೆಳಗೆ ಬೃಂದಾವನ ತಲೆಯೆತ್ತಿತು. ಎಷ್ಟೋ ಹೊಸ ದಂಪತಿಗಳು ಅದನ್ನು ನೋಡಿ ಬಂದಿದ್ದಾರೆ. ಅಣೆಕಟ್ಟೆಯ ಬುಡವನ್ನು ಜನರ ಸಂತೋಷಕ್ಕಾಗಿ ತೋಟವಾಗಿಸಿದವರು ದುಂದುಗಾರರೆಂದು ಇಂದು ಯಾರೂ ಹೇಳುವುದಿಲ್ಲ.

ನಮ್ಮಲ್ಲಿಯೂ ನದಿಯಿದೆ, ಸನ್ನತಿಯಲ್ಲಿ ಅದಕ್ಕೆ ಬ್ಯಾರೇಜಿದೆ, ಜಗತ್ತಿನ ವಿದ್ವಾಂಸರು ಬಂದು ನೋಡುವ ಸ್ತೂಪವಿದೆ, ಸುತ್ತಲಿನ ಜಿಲ್ಲೆಗಳಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಬರುವ ದೇವಸ್ಥಾನವಿದೆ. 1874ರಿಂದ ವಾಡಿ, ಚಿತ್ತಾಪುರ, ಸೇಡಂಗಳನ್ನು ಹೈದರಾಬಾದಿಗೆ ಜೋಡಿಸಿದ ರೈಲುದಾರಿಯಿದೆ. ರಾಜ್ಯದ ಪ್ರವಾಸೋದ್ಯಮ ನಿಗಮ ‘ಮಯೂರ’ ಎಂಬ ಹೆಸರಿನಿಂದ ವಸತಿಗೃಹಗಳನ್ನು ನಡೆಸುತ್ತದೆ. ಅಂಥದೊಂದನ್ನು ಭೀಮಾ ತೀರದಲ್ಲಿ, ಹತ್ತು ಹನ್ನೆರಡು ಶುಚಿಯಾದ ಕೋಣೆಗಳು, ಬೇವಿನ ನೆರಳು, ಬಿಸಿ ರೊಟ್ಟಿಯ ಊಟ, ಒಂದು ಉಯ್ಯಾಲೆ ಇರುವಂತೆ, ಗುತ್ತಿಗೆಯ ಕಾರ್ಮಿಕನಿಗೆ ಎರಡು ದಿನಗಳ ಕೂಲಿಯಲ್ಲಿ ನಿಲುಕುವಂತೆ ಕಟ್ಟಿಸಿದರೆ ಸಾಕು. ಅಲ್ಲಿ ಗುಮಾಸ್ತನು ಹೆಣ್ಣುಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡದೆ ಕೀಲಿಕೈ ಕೊಡಬೇಕು. ಕಾರ್ಖಾನೆಗಳು ತಮ್ಮ ಕಾರ್ಮಿಕ ಕಲ್ಯಾಣದ ಹಣದಲ್ಲಿ ವರ್ಷಕ್ಕೊಮ್ಮೆ ಇಂಥ ತಂಗುವಿಕೆಯನ್ನು ಸೇರಿಸಬಹುದು. ಗುತ್ತಿಗೆಯವರನ್ನೂ ಅದರಲ್ಲಿ ಎಣಿಸಬೇಕು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ನನ್ನ ತಂದೆತಾಯಿಗಳು ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಒಂದು ರಾತ್ರಿಯನ್ನಾದರೂ ಇಬ್ಬರೇ ಬೇರೊಂದೂರಿನಲ್ಲಿ ಕಳೆದವರಲ್ಲ. ಕೇಳಿದರೆ, “ನಮಗ್ಯಾಕವ್ವ ಅವೆಲ್ಲ” ಎನ್ನುತ್ತಾರೆ. ನಾನು ಸಂಬಳ ತಂದ ದಿನ ಅವರನ್ನು ಎರಡು ದಿನದ ಮಟ್ಟಿಗಾದರೂ ಒಂದು ಒಳ್ಳೆಯ ಕೋಣೆಗೆ ಕಳುಹಿಸಬೇಕೆಂದಿದ್ದೇನೆ. ಅವ್ವನು ಬುತ್ತಿ ಕಟ್ಟಿಕೊಂಡು ಹೋಗಬಾರದೆಂಬುದೊಂದೇ ನನ್ನ ಕರಾರು.

ಸಹಪಾಠಿಗಳೇ, ಈ ವರ್ಷ ನಾವು ಪದವಿ ಪಡೆದು ಹೊರಬೀಳುತ್ತೇವೆ. ನಮ್ಮಲ್ಲಿ ಬಹುಮಂದಿ ನಾಳೆ ಗಂಡಂದಿರು, ಹೆಂಡಿರು, ಅತ್ತೆ ಮಾವಂದಿರು ಆಗತಕ್ಕವರು. ನಿಮ್ಮ ಓಣಿಯ ಯಾರಾದರೂ ಇಬ್ಬರು ಕೈಚೀಲ ಹಿಡಿದು ಶುಕ್ರವಾರದ ರೈಲಿಗೆ ಹೊರಟರೆ, ಖರ್ಚೆಷ್ಟೆಂದು ಕೇಳುವ ಮೊದಲು ಅವರ ಮನೆಯ ಮಕ್ಕಳನ್ನೂ ಮುದುಕರನ್ನೂ ನಾವು ನೋಡಿಕೊಳ್ಳುತ್ತೇವೆಂದು ಹೇಳಿರಿ. ಸರಕಾರವು ಕೋಣೆಗಳನ್ನು ಕಟ್ಟಿಸುವವರೆಗೆ ಕಾಯಬೇಕಾಗದ ಕೆಲಸ ಇದೊಂದಿದೆ.