ಹಣೆಬರಹವೂ ರಕ್ತಪರೀಕ್ಷೆಯೂ

ರೋಗವನ್ನು ಕಂಡುಹಿಡಿಯುವುದು ಒಂದು ಕಾರ್ಯ. ರೋಗಿಯನ್ನು ಕಾಪಾಡುವುದು ಮತ್ತೊಂದು ಕಾರ್ಯ. ಮೊದಲನೆಯದನ್ನು ಮಾಡಿ ಮುಗಿಸಿದವರು ಎರಡನೆಯದೂ ತಾನಾಗಿಯೇ ನೆರವೇರಿತೆಂದು ಭಾವಿಸುವುದು ವಿದ್ಯಾವಂತರಲ್ಲಿಯೂ ಕಂಡುಬರುವ ಭ್ರಾಂತಿ. ಸಿಕಲ್ ಸೆಲ್ ರಕ್ತಹೀನತೆಯೆಂಬ ವ್ಯಾಧಿಯ ವಿಷಯದಲ್ಲಿ ಈ ಭ್ರಾಂತಿಯು ದೇಶದ ನೀತಿಯೊಳಗೇ ನುಸುಳುವ ಭಯವಿರುವುದರಿಂದ, ಅದನ್ನು ಬಿಡಿಸಿ ನೋಡುವುದು ಅವಶ್ಯಕವಾಗಿದೆ.

೨೦೨೩ನೆಯ ಇಸವಿಯ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಈ ರೋಗದ ನಿರ್ಮೂಲನ ಕಾರ್ಯವು ಆರಂಭವಾಯಿತು. ೧೭ ರಾಜ್ಯಗಳಲ್ಲಿ, ಹುಟ್ಟಿದ ಕೂಸು ಮೊದಲ್ಗೊಂಡು ೪೦ ವಯಸ್ಸಿನವರೆಗಿನ ೭ ಕೋಟಿ ಜನರ ರಕ್ತವನ್ನು ಪರೀಕ್ಷಿಸುವುದು, ೨೦೪೭ರೊಳಗೆ ರೋಗವನ್ನು ಇಲ್ಲವಾಗಿಸುವುದು, ಇದರ ಸಂಕಲ್ಪ. ಕನ್ನಡ ನಾಡೂ ಆ ಹದಿನೇಳರಲ್ಲಿ ಒಂದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ, ಮೈಸೂರು ಕೊಡಗು ಸೀಮೆಗಳ ಜೇನುಕುರುಬರಲ್ಲಿಯೂ ಈ ವ್ಯಾಧಿಯುಂಟು. ಪರೀಕ್ಷೆಯಾದವರಿಗೆ ಅದರ ಫಲವನ್ನು ಬರೆದ ಚೀಟಿಯನ್ನು ಕೊಡುತ್ತಾರೆ. ಮದುವೆಗೆ ಮುನ್ನ ಗಂಡಿನ ಚೀಟಿಯನ್ನೂ ಹೆಣ್ಣಿನ ಚೀಟಿಯನ್ನೂ ಹೋಲಿಸಿ ನೋಡಬೇಕೆಂದು ಬೋಧಿಸುತ್ತಾರೆ. ಸಂಕಲ್ಪವು ದೊಡ್ಡದು, ಅದನ್ನು ಹಳಿಯುವುದು ಸಲ್ಲದು. ಆದರೆ ಜಾತಕ ಕೂಡಿಸುವಂತೆ ಚೀಟಿಗಳನ್ನು ಕೂಡಿಸಿದರೆ ರೋಗವು ಅಳಿಯುವುದೆಂಬ ಮಾತು ಮಾತ್ರ ವಿಚಾರದ ಮುಂದೆ ನಿಲ್ಲತಕ್ಕದ್ದಲ್ಲ.

ರೋಗದ ಸ್ವರೂಪವನ್ನು ನೋಡಿದರೆ ಇದು ಸ್ಪಷ್ಟವಾಗುವುದು. ೧೯೧೦ರಲ್ಲಿ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಎಂಬಾತನು ಒಬ್ಬ ರೋಗಿಯ ರಕ್ತಕಣಗಳು ಕುಡುಗೋಲಿನಂತೆ ಬಾಗಿರುವುದನ್ನು ವರ್ಣಿಸಿದನು. ಇದು ಹಿಮೋಗ್ಲೋಬಿನ್ನಿನ ಅಣುವಿನಲ್ಲಿಯೇ ಇರುವ ದೋಷವೆಂದು ೧೯೪೯ರಲ್ಲಿ ಲೈನಸ್ ಪಾಲಿಂಗನೂ ಅವನ ಸಹೋದ್ಯೋಗಿಗಳೂ ತೋರಿಸಿದರು. ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುವುದೇ ಇದಕ್ಕೆ ಮೂಲ. ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದ ಮಗುವಿಗೆ ರೋಗ. ಒಬ್ಬರಿಂದ ಮಾತ್ರ ಬಂದರೆ ಅದು ವಾಹಕ. ವಾಹಕನಾದವನು ಸಾಮಾನ್ಯವಾಗಿ ಆರೋಗ್ಯವಂತನೇ. ಮಲೇರಿಯಾ ಜ್ವರವನ್ನು ತಡೆದುಕೊಳ್ಳುವ ಬಲವೂ ಅವನಿಗೆ ಹೆಚ್ಚು. ಇಬ್ಬರು ವಾಹಕರು ಮದುವೆಯಾದರೆ ಪ್ರತಿಯೊಂದು ಬಸಿರಿನಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು ಪಾಲು. ಇನ್ನು ವಾಹಕರೆಲ್ಲರೂ ವಾಹಕರಲ್ಲದವರನ್ನೇ ವರಿಸಿದರೆಂದು ಭಾವಿಸೋಣ. ಆಗ ರೋಗಿಗಳು ಹುಟ್ಟುವುದು ನಿಲ್ಲಬಹುದು, ಜೀನು ನಿಲ್ಲುವುದಿಲ್ಲ. ಅದು ಅರ್ಧಕ್ಕರ್ಧ ಮಕ್ಕಳಿಗೆ ಹರಿದುಬಂದು ಮುಂದಿನ ತಲೆಮಾರಿನಲ್ಲಿಯೂ ಉಳಿಯುವುದು. ತಲೆಮಾರು ತಲೆಮಾರಿಗೂ ಇದೇ ಚೀಟಿ, ಇದೇ ಹೋಲಿಕೆ. ಇದಕ್ಕೆ ನಿರ್ಮೂಲನವೆಂದು ಹೆಸರಿಡುವುದು ಹೇಗೆ? ಈಗಾಗಲೇ ಹುಟ್ಟಿ, ಎಲುಬು ಮುರಿದಂತಹ ನೋವಿನಲ್ಲಿ ನರಳುತ್ತಿರುವ ಮಕ್ಕಳಿಗೆ ಆ ಹೋಲಿಕೆಯಿಂದ ಆಗುವ ಉಪಕಾರವಾದರೂ ಏನು?

ವಿಜ್ಞಾನದಲ್ಲಿ ಮಹಾಪಂಡಿತರಾದವರೂ ಇಲ್ಲಿ ಎಡವಿರುವರು. ಅದೇ ಪಾಲಿಂಗನು ೧೯೬೮ರಲ್ಲಿ, ಈ ಜೀನುಳ್ಳ ತರುಣತರುಣಿಯರ ಹಣೆಯ ಮೇಲೆ ಅದರ ಗುರುತನ್ನು ಹಚ್ಚೆಯಾಗಿ ಹುಯ್ಯಬೇಕೆಂದು ಬರೆದನು. ಹಾಗಾದರೆ ಒಬ್ಬರನ್ನೊಬ್ಬರು ಕಂಡ ಕೂಡಲೆ ದೂರ ಸರಿಯುವರೆಂಬುದು ಅವನ ಎಣಿಕೆ. ಬ್ರಹ್ಮನು ಬರೆದ ಹಣೆಬರಹವನ್ನು ಯಾರೂ ಓದಲಾರರೆಂಬುದೊಂದು ಸಮಾಧಾನ ಹಿಂದಿನವರಿಗಿತ್ತು. ಊರಿಗೆಲ್ಲ ಕಾಣುವಂತೆ ಬರೆದ ಬರಹಕ್ಕೆ ಆ ಕರುಣೆಯೂ ಇಲ್ಲ.

ಹಚ್ಚೆಯನ್ನು ಯಾರೂ ಹುಯ್ಯಲಿಲ್ಲ. ಅದರ ಫಲ ಮಾತ್ರ ಬೇರೆ ಬಗೆಯಲ್ಲಿ ಬಂದಿತು. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕದ ಹಲವು ಸಂಸ್ಥಾನಗಳು ಕರಿಯ ಜನರಿಗೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿದುವು. ವಾಹಕನಿಗೂ ರೋಗಿಗೂ ಇರುವ ಭೇದವು ಕಾನೂನು ಬರೆದವರಿಗೇ ತಿಳಿದಿರಲಿಲ್ಲ. ಆರೋಗ್ಯವಂತರಾದ ವಾಹಕರು ಉದ್ಯೋಗವನ್ನೂ ಜೀವವಿಮೆಯನ್ನೂ ಕಳೆದುಕೊಂಡರು. ವಾಯುಸೇನೆಯ ಅಕಾಡೆಮಿಯ ಬಾಗಿಲು ೧೯೮೧ರವರೆಗೆ ಅವರಿಗೆ ಮುಚ್ಚಿತ್ತು. ಗ್ರೀಸ್ ದೇಶದ ಆರ್ಕೊಮೆನಾಸ್ ಎಂಬಲ್ಲಿ, ಹಿರಿಯರು ನಿಶ್ಚಯಿಸುವ ಮದುವೆಗಳಿಗೆ ಸಹಾಯವಾಗಲೆಂದು, ಅದೇ ಕಾಲದಲ್ಲಿ ಎಲ್ಲರ ರಕ್ತವನ್ನೂ ಪರೀಕ್ಷಿಸಿದರು. ವಾಹಕರಿಗೆ ಕಳಂಕ ಹತ್ತಿತು. ನಿಶ್ಚಯವಾದ ಸಂಬಂಧಗಳು ಮುರಿದುವು. ಹಲವರು ಫಲವನ್ನು ಮುಚ್ಚಿಟ್ಟು ಮದುವೆಯಾದರು. ರೋಗಿಷ್ಠ ಶಿಶುಗಳ ಜನನವು ಇಳಿಯಲಿಲ್ಲ. ಹೆಣ್ಣು ಹೆತ್ತವರ ಸಂಕಟವನ್ನು ಬಲ್ಲ ಈ ದೇಶದಲ್ಲಿ, ವಾಹಕಳೆಂದು ಬರೆದ ಚೀಟಿಯು ಯಾರ ಮನೆಯ ಬಾಗಿಲಲ್ಲಿ ಹೆಚ್ಚು ಭಾರವಾಗುವುದೆಂಬುದನ್ನು ವಿವರಿಸಬೇಕಾದುದಿಲ್ಲ.

ಇದಕ್ಕೆ ಪ್ರತಿವಾದಿಗಳು ಸೈಪ್ರಸ್ ದ್ವೀಪವನ್ನು ತೋರಿಸುವರು. ಅಲ್ಲಿ ಸುಮಾರು ಏಳರಲ್ಲಿ ಒಬ್ಬರು ಥಲಸೀಮಿಯಾ ರೋಗದ ವಾಹಕರು. ಮದುವೆಗೆ ಮುನ್ನ ಪರೀಕ್ಷೆಯ ಪತ್ರವನ್ನು ಚರ್ಚೇ ಕೇಳುವುದು. ರೋಗಿಷ್ಠ ಶಿಶುಗಳ ಜನನವು ಹೆಚ್ಚುಕಡಮೆ ನಿಂತೇ ಹೋಗಿದೆ. ಇದು ದಿಟ. ಆದರೆ ಪತ್ರ ಕಂಡು ಮದುವೆಯನ್ನು ಮುರಿದವರು ಅಲ್ಲಿ ವಿರಳ. ವಾಹಕರಾದ ವಧೂವರರು ಬಹುಮಟ್ಟಿಗೆ ಮದುವೆಯಾದರು. ಗರ್ಭದಲ್ಲಿಯೇ ಪರೀಕ್ಷಿಸುವ ಅನುಕೂಲವೂ, ವೈದ್ಯರ ಸಲಹೆಯೂ, ಹುಟ್ಟಿದ ರೋಗಿಗಳಿಗೆ ರಕ್ತವೂ ಔಷಧವೂ ಅವರಿಗೆ ದೊರೆಯುತ್ತಿದ್ದುವು. ಪತ್ರದ ಹಿಂದೆ ಆಸ್ಪತ್ರೆಯಿತ್ತು. ಆಸ್ಪತ್ರೆಯನ್ನು ಬಿಟ್ಟು ಪತ್ರವನ್ನು ಮಾತ್ರ ಅನುಕರಿಸುವವರು ಸೈಪ್ರಸ್ಸನ್ನು ಸಾಕ್ಷಿಗೆ ಕರೆಯುವ ಅಧಿಕಾರವನ್ನು ಕಳೆದುಕೊಳ್ಳುವರು.

ಪರೀಕ್ಷೆಯಿಂದ ಪ್ರಾಣವುಳಿಯುವ ಮಾರ್ಗ ಇಲ್ಲದೆ ಇಲ್ಲ. ಈ ರೋಗದ ಹಸುಮಕ್ಕಳನ್ನು ಕೊಲ್ಲುವುದು ಹೆಚ್ಚಾಗಿ ಸೋಂಕು. ದಿನಕ್ಕೆರಡು ಬಾರಿ ಬಾಯಿಂದ ಪೆನಿಸಿಲಿನ್ ಕೊಟ್ಟರೆ ನ್ಯೂಮೋಕಾಕಸ್ ಸೋಂಕು ಶೇಕಡ ೮೪ರಷ್ಟು ಇಳಿಯುವುದೆಂದು ೧೯೮೬ರಲ್ಲಿ ಸಿದ್ಧವಾಯಿತು. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಔಷಧವು ನೋವಿನ ಸರದಿಗಳನ್ನು ಸುಮಾರು ಅರ್ಧಕ್ಕಿಳಿಸುವುದೆಂದು ೧೯೯೫ರಲ್ಲಿ ತಿಳಿದುಬಂದಿತು. ಇವೆರಡೂ ಅಗ್ಗದ ಮಾತ್ರೆಗಳು. ಆದರೆ ಮೊದಲನೆಯದು ಫಲಿಸಬೇಕಾದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಮಗುವಿನ ರೋಗ ತಿಳಿಯಬೇಕು. ಶಿಬಿರಗಳಲ್ಲಿ ಮಾಡುವ ಕರಗುವಿಕೆಯ ಪರೀಕ್ಷೆಯು ವಾಹಕನನ್ನೂ ರೋಗಿಯನ್ನೂ ಬೇರ್ಪಡಿಸದು. ಗರ್ಭಸ್ಥಿತಿಯ ಹಿಮೋಗ್ಲೋಬಿನ್ ತುಂಬಿರುವ ಎಳೆಕೂಸಿನಲ್ಲಿ ಅದು ನಂಬಿಕೆಗೆ ಅರ್ಹವೂ ಅಲ್ಲ. ಆದುದರಿಂದ ಕೋಟಿಗಳ ಎಣಿಕೆಯನ್ನು ಸಾರುವುದಕ್ಕಿಂತ, ಹಾಡಿಯ ಪ್ರತಿ ಶಿಶುವಿಗೂ ನಿಖರವಾದ ಪರೀಕ್ಷೆಯಾಗಿ, ಮಾತ್ರೆಯು ತಪ್ಪದೆ ಮನೆಗೆ ಮುಟ್ಟುವುದೇ ಈ ಕಾರ್ಯದ ನಿಜವಾದ ಅಳತೆ.

ಇನ್ನು ಪ್ರಯೋಗಶಾಲೆಗಳ ಮಾತು. ಜೀನು, ಅದರ ಆರ್‌ಎನ್‌ಎ, ಪ್ರೋಟೀನು, ದೇಹದ ರಸಾಯನಗಳು, ಇವೆಲ್ಲವನ್ನೂ ಒಟ್ಟಿಗೆ ಅಳೆದು ತಾಳೆನೋಡುವ ಮಲ್ಟಿ-ಓಮಿಕ್ಸ್ ಎಂಬ ಶೋಧನೆಯು ಈಗ ಪ್ರಬಲವಾಗಿದೆ. ಅದರ ಅವಶ್ಯಕತೆಯನ್ನು ಅಲ್ಲಗಳೆಯಲಾಗದು. ಅಕ್ಷರವೊಂದೇ ತಪ್ಪಿದ್ದರೂ ಒಬ್ಬನು ನಡುವಯಸ್ಸಿನವರೆಗೆ ದುಡಿಯುವನು, ಅವನ ತಮ್ಮನು ಬಾಲ್ಯದಲ್ಲಿಯೇ ಹಾಸಿಗೆ ಹಿಡಿಯುವನು. ಗರ್ಭಸ್ಥಿತಿಯ ಹಿಮೋಗ್ಲೋಬಿನ್ ಯಾರಲ್ಲಿ ಹೆಚ್ಚಾಗಿ ಉಳಿಯುವುದೋ ಅವರಿಗೆ ರೋಗವು ಸೌಮ್ಯ. ಭಾರತದ ರೋಗಿಗಳಲ್ಲಿ ಬಹಳ ಮಂದಿಗೆ ಅದು ಹೆಚ್ಚು. ಅದನ್ನು ಅಡಗಿಸುವ ಜೀನನ್ನು ೨೦೦೭-೦೮ರಲ್ಲಿ ಹುಡುಕಿ ತೆಗೆದದ್ದು ಇಂತಹ ಶೋಧನೆಯೇ. ಅದರ ಮೇಲೆಯೇ ನಿಂತ ಕ್ಯಾಸ್ಜೆವಿ ಎಂಬ ಜೀನ್ ಚಿಕಿತ್ಸೆಗೆ ಬ್ರಿಟನ್ನೂ ಅಮೆರಿಕವೂ ೨೦೨೩ರಲ್ಲಿ ಒಪ್ಪಿಗೆಯಿತ್ತುವು. ಅಮೆರಿಕದಲ್ಲಿ ಅದಕ್ಕಿಟ್ಟ ಬೆಲೆ ೨೨ ಲಕ್ಷ ಡಾಲರು! ರಕ್ತವನ್ನು ಕೊಟ್ಟವನಿಗೆ ಅದರಿಂದ ಹುಟ್ಟಿದ ಮದ್ದು ಕನಸಿನಲ್ಲಿಯೂ ಸಿಕ್ಕದಿದ್ದರೆ, ಆ ವ್ಯವಹಾರದಲ್ಲಿ ಧರ್ಮವೆಲ್ಲಿ?

ಆರಿಜೋನಾದ ಹವಾಸುಪಾಯಿ ಎಂಬ ಆದಿವಾಸಿ ಜನರು ೧೯೯೦ರ ಸುಮಾರಿನಲ್ಲಿ ತಮ್ಮ ಮಧುಮೇಹದ ಪರಿಹಾರಕ್ಕೆಂದು ರಕ್ತವನ್ನು ಕೊಟ್ಟರು. ಅದೇ ರಕ್ತದಿಂದ ಅವರ ಮನೋರೋಗವನ್ನೂ ವಲಸೆಯ ಮೂಲವನ್ನೂ ಅವರ ಅರಿವಿಗೆ ಬಾರದೆ ಶೋಧಿಸಿದರು. ೨೦೧೦ರಲ್ಲಿ ಅಲ್ಲಿನ ವಿಶ್ವವಿದ್ಯಾಲಯವು ೭ ಲಕ್ಷ ಡಾಲರನ್ನು ತೆತ್ತು, ಉಳಿದ ರಕ್ತವನ್ನು ಹಿಂದಿರುಗಿಸಬೇಕಾಯಿತು. ಓದುಬರಹ ಬಾರದವನ ಹೆಬ್ಬೆಟ್ಟಿನ ಗುರುತು ಒಪ್ಪಿಗೆಯಾಗದು. ಏತಕ್ಕೆ ತೆಗೆದುಕೊಳ್ಳುವರೆಂಬುದು ಅವನ ಮಾತಿನಲ್ಲಿ ಅವನಿಗೆ ತಿಳಿದಾಗಲೇ ಅದು ಒಪ್ಪಿಗೆ.

ಪ್ರಯೋಗಶಾಲೆಯನ್ನು ನಡೆಸುವವರು ಲೆಕ್ಕ ಒಪ್ಪಿಸಬೇಕಾದುದು ಇಲ್ಲಿಯೇ. ಯಂತ್ರಗಳೆಷ್ಟು, ಪ್ರಬಂಧಗಳೆಷ್ಟು, ರಕ್ತದ ಸೀಸೆಗಳೆಷ್ಟು ಎಂಬುದು ಅವರ ಕೀರ್ತಿಗೆ ಸಾಲಬಹುದು. ರೋಗವೆಂದು ಹೇಳಿದ ಮೇಲೆ ಎಷ್ಟು ಮಂದಿಗೆ ಔಷಧ ಮುಟ್ಟಿತು, ಎಷ್ಟು ಮಂದಿಯ ಗುಟ್ಟು ಗುಟ್ಟಾಗಿ ಉಳಿಯಿತು, ಎಷ್ಟು ಮಕ್ಕಳು ಐದು ವರ್ಷವನ್ನು ದಾಟಿದುವು, ಇವೇ ಅವರ ಋಣ ತೀರಿತೇ ಇಲ್ಲವೇ ಎಂಬುದನ್ನು ಹೇಳುವ ಅಂಕಿಗಳು. ಈ ಅಂಕಿಗಳನ್ನು ಕೇಳುವುದು ವಿದ್ಯಾವಂತರಾದ ಗೃಹಸ್ಥರ ಕರ್ತವ್ಯ. ಕೇಳದವರು, ಕಾಡಿನ ಜನರ ರಕ್ತವನ್ನು ನಾಡಿನವರು ಬಿಟ್ಟಿಯಾಗಿ ಪಡೆದ ಪಾಪದಲ್ಲಿ ಪಾಲುಗಾರರಾಗುವರು.